ಅಸೆಸಬಲ್ ವ್ಯಾಲ್ಯೂ: ಹೊರದೇಶದ ಹಳೆ ಕಾರಿಗೆ ಕಸ್ಟಮ್ಸ್ ಕಟ್ಟುವ ಬೆಲೆ

ಇಂಗ್ಲೆಂಡಿನಲ್ಲೋ ಜಪಾನಿನಲ್ಲೋ ಎರಡು ವರ್ಷ ಓಡಿದ ಒಳ್ಳೆ ಕಾರಿನ ಬೆಲೆಯನ್ನು ರೂಪಾಯಿ ಲೆಕ್ಕದಲ್ಲಿ ನೋಡಿದವರು ಕೇಳುವುದು ಒಂದೇ ಪ್ರಶ್ನೆ: "ಇದನ್ನ ಊರಿಗೆ ತಂದ್ರೆ ಎಷ್ಟು ಪರ್ಸೆಂಟ್ ಟ್ಯಾಕ್ಸ್ ಬೀಳುತ್ತೆ?" ಆದರೆ ಮೊದಲು ಕೇಳಬೇಕಾದ್ದು ಬೇರೆ. ಆ ಪರ್ಸೆಂಟನ್ನು ಯಾವ ಮೊತ್ತದ ಮೇಲೆ ಹಾಕುತ್ತಾರೆ? ಆ ಮೊತ್ತಕ್ಕೇ ಅಸೆಸಬಲ್ ವ್ಯಾಲ್ಯೂ ಅಂತ ಹೆಸರು. ಸುಂಕ ಲೆಕ್ಕ ಹಾಕಲು ಕಸ್ಟಮ್ಸ್ ಇಲಾಖೆ ಒಪ್ಪಿಕೊಂಡ ಬೆಲೆ ಅದು. ನೀವು ಮಾರಿದವರಿಗೆ ಕೊಟ್ಟ ಹಣವೂ ಅದೂ ಒಂದೇ ಆಗಿರಬೇಕು ಅಂತೇನೂ ಇಲ್ಲ. ಹಳೆ ಕಾರಿನ ವಿಷಯದಲ್ಲಂತೂ ಎರಡೂ ಬೇರೆಯಾಗುವುದೇ ಜಾಸ್ತಿ.

ಇದರ ಬುಡ 1962ರ ಕಸ್ಟಮ್ಸ್ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ. ಸಾಮಾನ್ಯ ನಿಯಮ ಸರಳ. ವಸ್ತುವಿಗೆ ನಿಜವಾಗಿ ಕೊಟ್ಟ ಬೆಲೆ, ಅದರ ಜೊತೆಗೆ ನಮ್ಮ ಬಂದರಿನ ತನಕದ ಹಡಗಿನ ಬಾಡಿಗೆ, ದಾರಿಯ ವಿಮೆ. ಈ ಮೂರನ್ನು ಕೂಡಿಸಿದರೆ ಬರುವುದನ್ನು ವ್ಯಾಪಾರದವರು ಸಿಐಎಫ್ ಬೆಲೆ ಅನ್ನುತ್ತಾರೆ. ಬಾಡಿಗೆ, ವಿಮೆಯ ಲೆಕ್ಕ ಕೊಡದಿದ್ದರೆ ಇಲಾಖೆ ಸುಮ್ನೆ ಬಿಡುವುದಿಲ್ಲ. 2007ರ ಮೌಲ್ಯಮಾಪನ ನಿಯಮಗಳ ಪ್ರಕಾರ ವಸ್ತುವಿನ ಬೆಲೆಯ ಶೇ. 20ರಷ್ಟು ಬಾಡಿಗೆ, ಶೇ. 1.125ರಷ್ಟು ವಿಮೆ ಅಂತ ತಾನೇ ಸೇರಿಸಿಕೊಳ್ಳುತ್ತದೆ. ಬಾಡಿಗೆ ರಸೀದಿ ಕಳೆದುಕೊಂಡವರಿಗೆ ಇದರಿಂದ ನಷ್ಟವೇ ಆಗಬಹುದು. ಪೌಂಡ್, ಯೆನ್‌ಗಳನ್ನು ರೂಪಾಯಿಗೆ ತಿರುಗಿಸುವುದಕ್ಕೂ ಬ್ಯಾಂಕಿನ ದರ ನಡೆಯುವುದಿಲ್ಲ. ಕಸ್ಟಮ್ಸ್ ಪ್ರಕಟಿಸಿದ ವಿನಿಮಯ ದರವನ್ನೇ ಹಿಡಿಯಬೇಕು.

ಹೊಸ ಕಾರಿಗೆ ಕಂಪನಿಯ ಇನ್‌ವಾಯ್ಸ್ ಇರುತ್ತದೆ, ಅಲ್ಲಿಗೆ ಮುಗಿಯಿತು. ಹಳೆ ಕಾರಿಗೆ ಹಾಗಲ್ಲ. ಅಣ್ಣ ತಮ್ಮನಿಗೆ ಕೊಟ್ಟ ಕಾರು ಇರಬಹುದು, ಹರಾಜಿನಲ್ಲಿ ಸಿಕ್ಕಿದ್ದಿರಬಹುದು. ಚೀಟಿಯಲ್ಲಿ ಬರೆದ ಬೆಲೆ ನಿಜವೋ ಸುಳ್ಳೋ ಅಂತ ಅಧಿಕಾರಿಗೆ ತಿಳಿಯುವುದು ಹೇಗೆ? ಅನುಮಾನ ಬಂದರೆ ಹೇಳಿದ ಬೆಲೆಯನ್ನು ತಳ್ಳಿಹಾಕುವ ಅಧಿಕಾರವನ್ನು ಅದೇ ನಿಯಮಗಳ 12ನೇ ನಿಯಮ ಅವರಿಗೆ ಕೊಟ್ಟಿದೆ. ಆಗ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ. ಆ ಮಾಡೆಲ್ ತಯಾರಾದ ಕಾಲದಲ್ಲಿ ಹೊಸದರ ಬೆಲೆ ಎಷ್ಟಿತ್ತು ಅಂತ ಕಂಪನಿಯ ದರಪಟ್ಟಿ ನೋಡುತ್ತಾರೆ. ಅದರಿಂದ ಸವಕಳಿ ಕಳೆಯುತ್ತಾರೆ. ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ. 4, ಎರಡನೇ ವರ್ಷ ಶೇ. 3, ಮೂರನೇ ವರ್ಷ ಶೇ. 2.5. ಅಂದರೆ ಮೂರು ವರ್ಷ ತುಂಬಿದ ಕಾರಿಗೆ ಒಟ್ಟು ಶೇ. 38 ಇಳಿಯುತ್ತದೆ.

ಹಳೆ ಕಾರಿನ ಆಸೆ ಇರುವವರು ಸರಿಯಾಗಿ ತಿಳಿದುಕೊಳ್ಳಬೇಕಾದ ಜಾಗ ಇದೇ. ಮಾರುಕಟ್ಟೆಯಲ್ಲಿ ದುಬಾರಿ ಕಾರುಗಳ ಬೆಲೆ ಬೇಗ ಬೀಳುತ್ತದೆ. ಎರಡೂವರೆ ವರ್ಷದ ದೊಡ್ಡ ಸೆಡಾನ್ ಅರ್ಧ ಬೆಲೆಗೆ ಸಿಕ್ಕರೂ ಆಶ್ಚರ್ಯವಿಲ್ಲ. ಕಸ್ಟಮ್ಸ್ ಸವಕಳಿ ಅಷ್ಟು ಬೇಗ ಬೀಳುವುದಿಲ್ಲ. ನೀವು ಚೌಕಾಶಿ ಮಾಡಿ ಉಳಿಸಿದ ದುಡ್ಡು ಸುಂಕದ ಲೆಕ್ಕಕ್ಕೆ ಬರದೇ ಹೋಗಬಹುದು.

ಒಂದು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಉದಾಹರಣೆಗೆ ಅಷ್ಟೇ. ಹೊಸದಾಗಿದ್ದಾಗ 30 ಲಕ್ಷ ರೂಪಾಯಿ ಬೆಲೆಯಿದ್ದ ಒಂದು ಕಾರು. ಈಗ ಅದಕ್ಕೆ ಎರಡೂವರೆ ವರ್ಷ. ನಿಮಗೆ 14 ಲಕ್ಷಕ್ಕೆ ಸಿಕ್ಕಿದೆ. ಮೊದಲ ವರ್ಷದ 16, ಎರಡನೇ ವರ್ಷದ 12, ಮೂರನೇ ವರ್ಷದ ಅರ್ಧಕ್ಕೆ 5, ಒಟ್ಟು ಶೇ. 33 ಸವಕಳಿ. ಉಳಿದದ್ದು 20 ಲಕ್ಷದ 10 ಸಾವಿರ. ಹಡಗಿನ ಬಾಡಿಗೆ, ವಿಮೆ ಸೇರಿ 1 ಲಕ್ಷದ 90 ಸಾವಿರ ಅಂತ ಇಟ್ಟುಕೊಳ್ಳೋಣ. ಅಸೆಸಬಲ್ ವ್ಯಾಲ್ಯೂ 22 ಲಕ್ಷ ಆಯಿತು. ಡೀಲರ್ ರಿಯಾಯಿತಿಯ ಪಾಲನ್ನು ದರಪಟ್ಟಿಯಿಂದ ಕಳೆಯಿರಿ ಅಂತ ಕೇಳುವ ಅವಕಾಶವೂ ಇದೆ. ಲೆಕ್ಕ ಸಲೀಸಾಗಲಿ ಅಂತ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಈಗ ಸುಂಕ. 2025ರ ಬಜೆಟ್ ಪ್ರಕಾರ ಹಳೆ ಕಾರಿಗೆ ಮೂಲ ಕಸ್ಟಮ್ಸ್ ಸುಂಕ ಶೇ. 70. ಇದರ ಜೊತೆಗೆ ಎಐಡಿಸಿ, ಅಂದರೆ ಕೃಷಿ ಮೂಲಸೌಕರ್ಯದ ಹೆಸರಿನ ಸೆಸ್ಸು, ಶೇ. 67.5. ಮೊದಲನೆಯದು 15.40 ಲಕ್ಷ, ಎರಡನೆಯದು 14.85 ಲಕ್ಷ. ಇವೆರಡನ್ನೂ 22 ಲಕ್ಷಕ್ಕೆ ಕೂಡಿಸಿ, 52.25 ಲಕ್ಷ. ಜಿಎಸ್‌ಟಿ ಹಾಕುವುದು ಈ 52.25 ಲಕ್ಷದ ಮೇಲೆ, 22 ಲಕ್ಷದ ಮೇಲಲ್ಲ. ಬಡ್ಡಿಯ ಮೇಲೆ ಚಕ್ರಬಡ್ಡಿ ಬಿದ್ದ ಹಾಗೆ, ಸುಂಕಕ್ಕೂ ತೆರಿಗೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಜಿಎಸ್‌ಟಿ ಶೇ. 40. ಹಿಂದೆ ಇದ್ದ ಪರಿಹಾರ ಸೆಸ್ಸನ್ನು ಆಗ ಕಾರುಗಳ ಮೇಲಿಂದ ತೆಗೆದರು. ಶೇ. 40 ಅಂದರೆ 20.90 ಲಕ್ಷ. ಎಲ್ಲ ಸೇರಿ 73.15 ಲಕ್ಷ. ಅದರಲ್ಲಿ ಸರ್ಕಾರಕ್ಕೆ ಹೋದದ್ದೇ 51.15 ಲಕ್ಷ. 14 ಲಕ್ಷಕ್ಕೆ ಕೊಂಡ ಕಾರಿಗೆ!

ಹೇಳಿದ 14 ಲಕ್ಷವನ್ನೇ ಅಧಿಕಾರಿ ಒಪ್ಪಿದ್ದರೆ? ಬಾಡಿಗೆ, ವಿಮೆ ಸೇರಿ 15.90 ಲಕ್ಷದ ಮೇಲೆ ಲೆಕ್ಕ. ತೆರಿಗೆ ಸುಮಾರು 37 ಲಕ್ಷ. ಆಗಲೂ ಕಾರಿನ ಎರಡೂವರೆ ಪಟ್ಟಿಗಿಂತ ಜಾಸ್ತಿಯೇ. ದರ ಒಂದೇ ಇದ್ದರೂ ಅಸೆಸಬಲ್ ವ್ಯಾಲ್ಯೂ ಬದಲಾದ ಮಾತ್ರಕ್ಕೆ 14 ಲಕ್ಷದ ವ್ಯತ್ಯಾಸ ಬಂತು, ನೋಡಿ. ಅದಕ್ಕೇ ಹಣ ಕೊಟ್ಟ ಬ್ಯಾಂಕ್ ದಾಖಲೆ, ಹರಾಜಿನ ಕಾಗದ, ಮೂಲ ಇನ್‌ವಾಯ್ಸ್ ಎಲ್ಲವನ್ನೂ ಒಂದೂ ಬಿಡದೆ ಇಟ್ಟುಕೊಳ್ಳಬೇಕು.

2025ರ ಬಜೆಟ್ ಬಗ್ಗೆ ಒಂದು ಮಾತು. ಹಳೆ ಕಾರಿನ ಸುಂಕ 125ರಿಂದ 70ಕ್ಕೆ ಇಳಿಯಿತು ಅಂತ ಸುದ್ದಿ ಓದಿ ಖುಷಿಪಟ್ಟವರು ಬಹಳ ಮಂದಿ. ಮೊದಲು ಶೇ. 125 ಸುಂಕ, ಅದರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ 137.5 ಆಗುತ್ತಿತ್ತು. ಈಗ 70ಕ್ಕೆ 67.5 ಸೇರಿಸಿ ನೋಡಿ. ಅದೇ 137.5. ತರಿಸಿಕೊಳ್ಳುವವರಿಗೆ ಬಿಡಿಗಾಸೂ ಉಳಿಯಲಿಲ್ಲ. ಬದಲಾಗಿದ್ದು ಬೇರೆ ಕಡೆ. ಮೂಲ ಸುಂಕದ ಹಣದಲ್ಲಿ ರಾಜ್ಯಗಳಿಗೆ ಪಾಲಿದೆ. ಸೆಸ್ಸು, ಸರ್ಚಾರ್ಜಿನಲ್ಲಿ ಇಲ್ಲ. ಹಾಗಾಗಿ ಇಂಥ ಕಾರಿನ ಸುಂಕದಲ್ಲಿ ಕರ್ನಾಟಕದಂಥ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಭಾಗ ಚಿಕ್ಕದಾಯಿತು. ಸುದ್ದಿಯ ತಲೆಬರಹದಲ್ಲಿ ಇದು ಬರಲಿಲ್ಲ, ಬರಬೇಕಿತ್ತು.

ಇಷ್ಟು ಕಟ್ಟಲು ತಯಾರಿದ್ದರೂ ಎಲ್ಲ ಕಾರನ್ನೂ ತರಲು ಬಿಡುವುದಿಲ್ಲ. ಸ್ಟೇರಿಂಗ್ ಬಲಗಡೆ ಇರಬೇಕು. ಈ ಒಂದು ಷರತ್ತಿಗೇ ದುಬೈ, ಸೌದಿ, ಕುವೈತ್, ಅಮೆರಿಕದ ಕಾರುಗಳು ಹೊರಗೆ ಉಳಿಯುತ್ತವೆ. ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳುವ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಅಲ್ಲಿನ ಕಾರನ್ನು ಅಲ್ಲೇ ಮಾರಿ ಬರಬೇಕಾಗುವುದು ಇದರಿಂದಲೇ. ಇಂಗ್ಲೆಂಡ್, ಜಪಾನ್, ಸಿಂಗಪುರ, ಆಸ್ಟ್ರೇಲಿಯಾದವರಿಗೆ ಈ ತೊಡಕಿಲ್ಲ. ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ ತೋರಿಸಬೇಕು. ಹೆಡ್‌ಲೈಟಿನ ಬೆಳಕು ಎಡಬದಿ ಸಂಚಾರಕ್ಕೆ ಹೊಂದಬೇಕು. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಸ್ಥಿತಿಯಲ್ಲಿರಬೇಕು. ಹಡಗು ಹತ್ತಿಸುವ ಮೊದಲೇ ಪರೀಕ್ಷೆ ಮಾಡಿಸಿದ ಸರ್ಟಿಫಿಕೇಟ್ ಬೇಕು. ಇಲ್ಲಿಗೆ ಬಂದ ಮೇಲೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಮತ್ತೊಮ್ಮೆ ಪರೀಕ್ಷೆ. ಹಳೆ ವಾಹನ ಇಳಿಸಲು ಮುಂಬೈ ಬಂದರು ಒಂದೇ. ಮಂಗಳೂರು, ಚೆನ್ನೈ ಎಷ್ಟು ಹತ್ತಿರವಿದ್ದರೂ ಉಪಯೋಗವಿಲ್ಲ.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ವಯಸ್ಸಿನ ಷರತ್ತಿನಲ್ಲಿ. ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಆ ಮೂರು ವರ್ಷವನ್ನು ತಯಾರಾದ ದಿನದಿಂದ ಎಣಿಸುತ್ತಾರೆ, ರಿಜಿಸ್ಟರ್ ಆದ ದಿನದಿಂದ ಅಲ್ಲ. 2023ರ ನವೆಂಬರ್‌ನಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಕಾರು ಷೋರೂಮಿನಲ್ಲಿ ನಿಂತು, 2024ರ ಏಪ್ರಿಲ್‌ನಲ್ಲಿ ಮಾರಾಟವಾಯಿತು ಅಂತಿಟ್ಟುಕೊಳ್ಳಿ. ಮಾಲೀಕರ ಕಾಗದದಲ್ಲಿ ಅದು 2024ರ ಕಾರು. ಕಸ್ಟಮ್ಸ್‌ಗೆ 2023ರದ್ದು. ಹಡಗಿನ ದಾರಿಗೆ ಬೇಕಾದ ವಾರಗಳನ್ನೂ ಲೆಕ್ಕಕ್ಕೆ ಹಿಡಿದರೆ ಈ ಐದು ತಿಂಗಳಲ್ಲೇ ಕೆಲಸ ಕೆಡಬಹುದು. ಷಾಸಿ ನಂಬರ್ ಕೊಟ್ಟು, ತಯಾರಾದ ತಿಂಗಳು ಯಾವುದು ಅಂತ ಕಂಪನಿಯಿಂದಲೇ ಬರೆಸಿ ತರಿಸಿಕೊಳ್ಳುವುದು ಮೊದಲ ಕೆಲಸ. ಹಣ ಕೊಡುವುದು ಆಮೇಲೆ. ಷರತ್ತಿಗೆ ಹೊಂದದ ಕಾರು ಬಂದರಿಗೆ ಬಂದರೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಅಲ್ಲಿ ನಿಂತಷ್ಟು ದಿನವೂ ಬಾಡಿಗೆ ಏರುತ್ತಲೇ ಇರುತ್ತದೆ.

ಇಷ್ಟು ಬಿಗಿ ಯಾಕೆ? 2001ರ ಏಪ್ರಿಲ್ 1ರಂದು ಭಾರತ ಕೊನೆಯ 715 ವಸ್ತುಗಳ ಮೇಲಿದ್ದ ಆಮದು ನಿರ್ಬಂಧ ತೆಗೆಯಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕದ ಎದುರು ನಡೆದ ವ್ಯಾಜ್ಯದಲ್ಲಿ ಸೋತಿದ್ದರಿಂದ ತೆಗೆಯಲೇಬೇಕಿತ್ತು. ಹಳೆ ಕಾರುಗಳೂ ಆ ಪಟ್ಟಿಯಲ್ಲಿದ್ದವು. ಜಪಾನಿನ ಹಳೆ ಕಾರುಗಳು ರಾಶಿರಾಶಿಯಾಗಿ ಬಂದು ಬೀಳುತ್ತವೆ ಅಂತ ಇಲ್ಲಿನ ಕಾರ್ಖಾನೆಗಳಿಗೆ ಭಯ. ಆ ವರ್ಷದ ಬಜೆಟ್‌ನಲ್ಲೇ ಹಳೆ ಕಾರಿನ ಮೂಲ ಸುಂಕವನ್ನು ಶೇ. 105ಕ್ಕೆ ಏರಿಸಿದರು. ಮೂರು ವರ್ಷ, ಮುಂಬೈ ಬಂದರು, ಪರೀಕ್ಷೆ ಅನ್ನುವ ಷರತ್ತುಗಳು ಬಂದದ್ದೂ ಅದೇ ಹೊತ್ತಿನಲ್ಲಿ. ಇಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರ ಕೆಲಸ ಉಳಿಸಲು ಒಂದು ತಡೆ ಬೇಕಿತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ವರ್ಷಗಟ್ಟಲೆ ಹೊರಗಿದ್ದು, ತಾನೇ ಓಡಿಸಿದ ಒಂದೇ ಒಂದು ಕಾರನ್ನು ಮನೆಗೆ ತರುವವರನ್ನೂ ವ್ಯಾಪಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ.

ಮನೆ ಸಾಮಾನಿನ ಜೊತೆ ತಂದರೆ ರಿಯಾಯಿತಿ ಇದೆ ಅಂತ ಹೇಳುವವರು ಇನ್ನೂ ಇದ್ದಾರೆ. ನಂಬಬೇಡಿ. ನೆಲೆ ಬದಲಿಸಿ ಬರುವವರಿಗೆ ಫ್ರಿಜ್ಜು, ಟಿವಿಯಂಥವಕ್ಕೆ ರಿಯಾಯಿತಿ ಸಿಗುತ್ತದೆ. ಕಾರಿಗೆ ಸಿಗುವುದಿಲ್ಲ. ಬ್ಯಾಗೇಜ್ ಅಂದರೆ ಮೋಟಾರು ವಾಹನ ಸೇರುವುದಿಲ್ಲ ಅಂತ ಕಸ್ಟಮ್ಸ್ ಕಾಯ್ದೆಯ ವ್ಯಾಖ್ಯೆಯಲ್ಲೇ ಬರೆದಿದೆ.

ಸುಂಕ ಕಟ್ಟಿ ಕಾರು ಹೊರಗೆ ಬಂದ ಮೇಲೂ ಖರ್ಚು ನಿಲ್ಲುವುದಿಲ್ಲ. ಕಾಗದಪತ್ರ ನೋಡಿಕೊಳ್ಳುವ ಕಸ್ಟಮ್ಸ್ ಬ್ರೋಕರ್, ಬಂದರಿನ ಶುಲ್ಕ, ಪುಣೆಗೆ ಸಾಗಣೆ, ಪರೀಕ್ಷೆಯ ಶುಲ್ಕ, ಅಲ್ಲಿಂದ ಊರಿಗೆ ಟ್ರೈಲರ್. ಆಮೇಲೆ ಆರ್‌ಟಿಒ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ. 18, ಅದರ ಮೇಲೆ ಸೆಸ್ಸು ಬೇರೆ. ಯಾವ ಬೆಲೆ ಹಿಡಿದು ಲೆಕ್ಕ ಹಾಕುತ್ತಾರೆ ಅಂತ ನಿಮ್ಮ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಬಿಲ್ ಆಫ್ ಎಂಟ್ರಿ ಅನ್ನುವ ಕಸ್ಟಮ್ಸ್ ಕಾಗದವನ್ನು ಅಲ್ಲಿ ಕೇಳಿಯೇ ಕೇಳುತ್ತಾರೆ. ಅಸೆಸಬಲ್ ವ್ಯಾಲ್ಯೂ, ಪ್ರತಿ ಸುಂಕದ ಮೊತ್ತ ಎಲ್ಲ ಅದರಲ್ಲೇ ಬಿಡಿಬಿಡಿಯಾಗಿ ಇರುತ್ತದೆ.

ಇಲ್ಲೇ ರಿಜಿಸ್ಟರ್ ಆಗಿರುವ ಆಮದು ಕಾರನ್ನು ಕೊಳ್ಳುವವರೂ ಆ ಕಾಗದವನ್ನು ಕೇಳಿ ನೋಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ 'ಆಪರೇಷನ್ ನುಮ್‌ಖೋರ್' ಅಂತ ದಾಳಿ ನಡೆಸಿತು. ಭೂತಾನದಿಂದ ಹಳೆ ಐಷಾರಾಮಿ ಕಾರುಗಳನ್ನು ಸುಂಕ ಕಟ್ಟದೆ ಗಡಿ ದಾಟಿಸಿ, ಸುಳ್ಳು ಕಾಗದ ಮಾಡಿಸಿ, ಇಲ್ಲಿ ರಿಜಿಸ್ಟರ್ ಮಾಡಿಸಿ ಮಾರುತ್ತಿದ್ದರು ಅನ್ನುವುದು ಆರೋಪ. ಮೂವತ್ತಕ್ಕೂ ಹೆಚ್ಚು ವಾಹನ ಹಿಡಿದರು. ಇಂಥ ಕಾರು ನಾಲ್ಕನೇ ಕೈಗೆ ಹೋಗಿದ್ದರೂ ಮುಟ್ಟುಗೋಲು ಹಾಕಿಕೊಳ್ಳುತ್ತಾರೆ. ಕೊನೆಯಲ್ಲಿ ಕೊಂಡವರ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ.

ಕಾರನ್ನು ಇಲ್ಲೇ ಇಟ್ಟುಕೊಳ್ಳುವ ಉದ್ದೇಶವಿಲ್ಲ, ಕೆಲವು ತಿಂಗಳು ಸುತ್ತಾಡಿ ವಾಪಸ್ ಹೋಗುತ್ತೇನೆ ಅನ್ನುವವರಿಗೆ ಕಾರ್ನೆಟ್ ಅನ್ನುವ ದಾರಿ ಇದೆ. ಹೊರದೇಶದ ಆಟೋಮೊಬೈಲ್ ಕ್ಲಬ್ ಠೇವಣಿ ಇಟ್ಟುಕೊಂಡು ಒಂದು ಪುಸ್ತಕ ಕೊಡುತ್ತದೆ. ಅದನ್ನು ತೋರಿಸಿದರೆ ಸುಂಕ ಕಟ್ಟದೆ ಒಳಗೆ ಬಂದು ಆರು ತಿಂಗಳೊಳಗೆ ಹೊರಗೆ ಹೋಗಬಹುದು. ಯುರೋಪಿನಿಂದ ಎಡಗಡೆ ಸ್ಟೇರಿಂಗಿನ ಗಾಡಿಯಲ್ಲಿ ರಸ್ತೆಯಲ್ಲೇ ಬರುವ ಪ್ರವಾಸಿಗರು ಬರುವುದು ಹೀಗೆಯೇ. ಇದು ಭೇಟಿಗೆ ಬಂದವರಿಗೆ ಮಾತ್ರ, ನೆಲೆಸಲು ಬಂದವರಿಗೆ ಅಲ್ಲ. ಕಾರು ದೇಶ ಬಿಡುವಾಗ ಆ ಪುಸ್ತಕದ ಹಾಳೆಗೆ ಕಸ್ಟಮ್ಸ್ ಮುದ್ರೆ ಹಾಕಿಸಿಕೊಳ್ಳಲೇಬೇಕು. ಮುದ್ರೆ ಇಲ್ಲದಿದ್ದರೆ ಕಾರು ಇಲ್ಲೇ ಉಳಿಯಿತು ಅಂತ ಲೆಕ್ಕ ಹಿಡಿದು, ಸುಂಕವನ್ನು ಠೇವಣಿಯಿಂದ ವಸೂಲಿ ಮಾಡುತ್ತಾರೆ.