ಸೋಫಾ ಕಪ್ಪಗಿದ್ದರೆ ಹಳೇದಾ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: "ಅಣ್ಣ, ಇಲ್ಲೇ ತುಮಕೂರಲ್ಲಿ ಒಬ್ಬರು ವಿಕ್ಟೋರಿಯನ್ ಸೋಫಾ ಮಾರ್ತಿದಾರೆ. ಕಪ್ಪಗಿದೆ, ಹುಳದ ತೂತೂ ಇದೆ. ನಿಜವಾಗ್ಲೂ ಆಂಟಿಕ್ಕಾ?"

ಈ ತಿಂಗಳು ಇದು ನಾಲ್ಕನೇ ಫೋಟೊ.

ವಿಕ್ಟೋರಿಯನ್ ಅನ್ನೋದು ಮಾದರಿಯ ಹೆಸರು, ವಯಸ್ಸಲ್ಲ. ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ, ಆದರೆ ಆ ಮಾದರಿಯ ಸೋಫಾವನ್ನು ನಮ್ಮ ಆಚಾರ್ರು ಹೋದ ವಾರವೂ ಮಾಡಿಕೊಟ್ಟಿದ್ದಾರೆ. ಬಾಗಿದ ಕಾಲಿದ್ದರೆ ಕ್ವೀನ್ ಆನ್ ಅಂತಾರೆ, ಅದೂ ಅಷ್ಟೇ. ಲಂಡನ್ನಿನ ಬಡಗಿ ಚಿಪ್ಪೆಂಡೇಲ್ 1754ರಲ್ಲೇ ತನ್ನ ಮಾದರಿಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ, ಅದನ್ನು ನೋಡಿಕೊಂಡು ಬೇರೆ ಬಡಗಿಗಳೂ ಮಾಡಿದರು. ನಕಲು ನಿನ್ನೆ ಮೊನ್ನೆಯದಲ್ಲ.

ಈಗ ಆ ಕಪ್ಪು ಬಣ್ಣದ ವಿಷಯ. ಎಷ್ಟು ಸಲ ಹೇಳಲಿ? ಕಪ್ಪು ಡಬ್ಬಿಯಲ್ಲಿ ಸಿಗುತ್ತದೆ! ಹಾರ್ಡ್‌ವೇರ್ ಅಂಗಡಿಯಲ್ಲಿ ವುಡ್ ಸ್ಟೇನ್ ತಂದು ಎರಡು ಕೈ ಬಳಿದರೆ ಹೊಸ ಹಲಸಿನ ಮರವೂ ಸಂಜೆಗೆ ಮುತ್ತಜ್ಜ ಆಗುತ್ತದೆ. ಬೀಟೆಯದ್ದಂತೂ ಉಲ್ಟಾ ಕಥೆ, ಹೊಸದರಲ್ಲೇ ಕಪ್ಪು, ವರ್ಷಗಟ್ಟಲೆ ಬಿಸಿಲು ಬಿದ್ದ ಕಡೆ ಬಣ್ಣ ಮಂಕಾಗಿ ಕಂದು ಆಗುತ್ತದೆ. ಇನ್ನು ತೂತು. ಕುಟ್ಟೆ ಹುಳ ಪಹಣಿ ನೋಡಿ ಕೊರೆಯೋದಿಲ್ಲ. ಹೊಸ ಮರದಲ್ಲಿ ಬಿಳಿ ಭಾಗ ಉಳಿದಿದ್ದರೆ ಮೊದಲ ವರ್ಷವೇ ಹಿಟ್ಟು ಉದುರಿಸುತ್ತದೆ. ಕೆಲವರು ಡ್ರಿಲ್‌ನಲ್ಲೂ ತೂತು ಹೊಡೀತಾರೆ, ಬಿಡಿ.

ಮೇಲೆ ನೋಡಬೇಡಿ, ಮಗುಚಿ ಹಾಕಿ. ಗುಬ್ಬಿ ಕಡೆ ಒಬ್ಬರು "ತೊಟ್ಟಿ ಮನೆ ಕೆಡವಿದಾಗ ಸಿಕ್ಕಿದ್ದು, 1890ರದು" ಅಂತ ಸೋಫಾ ತೋರಿಸಿದರು. ಮಗುಚಿದೆ. ಸೀಟಿನ ಅಡಿಪಟ್ಟಿಗೆ ಸಾಲಾಗಿ ಹನ್ನೆರಡು ಪ್ಲಸ್ ಗುರುತಿನ ಸ್ಕ್ರೂ, ತಲೆಗಳು ಫಳಫಳ. ಆ ಸ್ಕ್ರೂ ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ. ಒಂದೆರಡಿದ್ದರೆ ರಿಪೇರಿ ಅನ್ನಬಹುದು, ಹನ್ನೆರಡೂ ಅದೇ ಆದರೆ? ಮೇಜಾದರೆ ಡ್ರಾಯರ್ ಎಳೆದು ಮೂಲೆಯ ಕೂಡಿಕೆ ನೋಡಿ. ಕೈಯಲ್ಲಿ ಕತ್ತರಿಸಿದ್ದು ಒಂದರ ಹಾಗೆ ಇನ್ನೊಂದು ಇರೋದಿಲ್ಲ. ದುಂಡು ಮೇಜಿಗೆ ಟೇಪು ಹಿಡಿಯಿರಿ, ಮರ ಅಡ್ಡಕ್ಕೆ ಕುಗ್ಗುವುದರಿಂದ ನಿಜವಾಗಿ ಹಳೇದು ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಹೊಸದಾದರೂ ತೇಗ ಚೆನ್ನಾಗಿದ್ದರೆ ತಗೊಳ್ಳಿ, ಆದರೆ ಹೊಸದರ ರೇಟು ಕೊಡಿ.

ಅಂದ ಹಾಗೆ, ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ಮನೆಯಲ್ಲಿ ತಾತನ ಈಸಿ ಚೇರ್ ಇದ್ದರೆ ಸುಮ್ನೆ ಉಜ್ಜಿಸಿ ಮೆಲಮೈನ್ ಪಾಲಿಶ್ ಹೊಡಿಸಬೇಡಿ. ಕಾಣದ ಕಡೆ ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅದರ ಮೇಲೇ ಇನ್ನೊಂದು ಕೈ ಅರಗಿನ ಪಾಲಿಶ್ ಕೊಡಿಸಿದರೆ ಸಾಕು.