ಕ್ರೂಶೆವೊ: ಹತ್ತು ದಿನಗಳ ಗಣರಾಜ್ಯ ಯಾರದು?

ಉತ್ತರ ಮ್ಯಾಸಿಡೋನಿಯಾದ ದಕ್ಷಿಣ ಭಾಗದಲ್ಲಿ ಪೆಲಗೋನಿಯಾ ಎಂಬ ವಿಶಾಲ ಬಯಲಿದೆ. ಹೊಗೆಸೊಪ್ಪು, ಗೋಧಿ ಬೆಳೆಯುವ ನೆಲ. ಅಲ್ಲಿನ ಪ್ರಿಲೆಪ್ ಪಟ್ಟಣದಿಂದ ಪಶ್ಚಿಮಕ್ಕೆ ಹೊರಟರೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಬೆಟ್ಟ ಸುತ್ತಿ ಏರುವ ರಸ್ತೆಯ ಕೊನೆಗೆ ಕ್ರೂಶೆವೊ ಸಿಗುತ್ತದೆ. ಸಮುದ್ರಮಟ್ಟದಿಂದ 1,350 ಮೀಟರ್ ಎತ್ತರ. ಬಾಲ್ಕನ್ ಪ್ರದೇಶದ ಅತಿ ಎತ್ತರದ ಪಟ್ಟಣಗಳಲ್ಲಿ ಇದೂ ಒಂದು. ಬೆಟ್ಟದ ಬೋಗುಣಿಯ ಒಳಮೈಗೆ ಅಂಟಿಸಿದಂತೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಮನೆಗಳು, ಕೆಂಪು ಹೆಂಚು, ಬಿಳಿ ಮತ್ತು ನೀಲಿ ಗೋಡೆ, ಕಲ್ಲು ಹಾಸಿದ ಕಡಿದಾದ ಓಣಿಗಳು. 2002ರ ಜನಗಣತಿಯಲ್ಲಿ ಇಲ್ಲಿದ್ದವರು 5,330 ಮಂದಿ. ಅಲ್ಲಿನ ಭಾಷೆಯಲ್ಲಿ ‘ಕ್ರುಶಾ’ ಎಂದರೆ ಪೇರ್ ಹಣ್ಣು. ಊರಿನ ಹೆಸರು ಅದರಿಂದಲೇ ಬಂತು ಎನ್ನುತ್ತಾರೆ.

ಇಷ್ಟು ಚಿಕ್ಕ ಊರಿನ ಹೆಸರು ಆ ದೇಶದ ಪ್ರತಿಯೊಂದು ಮಗುವಿಗೂ ಗೊತ್ತು. 1903ರ ಆಗಸ್ಟ್‌ನಲ್ಲಿ ಇಲ್ಲಿ ಹತ್ತು ದಿನ ಒಂದು ಗಣರಾಜ್ಯ ಬದುಕಿತ್ತು. ಆ ಹತ್ತು ದಿನಗಳು ಯಾರಿಗೆ ಸೇರಿದವು ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಜಗಳದ ಬೇರು ಹುಡುಕಲು ಗಣರಾಜ್ಯಕ್ಕಿಂತ ಒಂದು ಶತಮಾನಕ್ಕೂ ಹಿಂದೆ ಹೋಗಬೇಕು. ಇಂದಿನ ಅಲ್ಬೇನಿಯಾದಲ್ಲಿ ಮೊಸ್ಕೊಪೊಲೆ ಎಂಬ ಸಿರಿವಂತ ನಗರವಿತ್ತು. ಮುದ್ರಣಾಲಯ, ವಿದ್ಯಾಪೀಠ, ಹತ್ತಾರು ಚರ್ಚುಗಳು ಅಲ್ಲಿದ್ದವು. ನಿವಾಸಿಗಳಲ್ಲಿ ಹೆಚ್ಚಿನವರು ಅರೊಮಾನಿಯನ್ನರು, ಅಂದರೆ ವ್ಲಾಹ್ ಜನ. ಲ್ಯಾಟಿನ್ ಮೂಲದ, ರೊಮಾನಿಯನ್‌ಗೆ ಹತ್ತಿರದ ಭಾಷೆ ಅವರದು. 1769ರಲ್ಲಿ ಒಮ್ಮೆ, 1788ರಲ್ಲಿ ಮತ್ತೊಮ್ಮೆ ಆ ನಗರ ಸೂರೆಯಾಯಿತು. ದಿಕ್ಕಾಪಾಲಾಗಿ ಓಡಿದ ಕುಟುಂಬಗಳಲ್ಲಿ ಹಲವು ಈ ಬೆಟ್ಟ ಏರಿದವು. ಅಲ್ಲಿದ್ದದ್ದು ಒಂದು ಸಣ್ಣ ಹಳ್ಳಿ. ಬಂದವರು ವ್ಯಾಪಾರಿಗಳು, ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವವರು, ಅಕ್ಕಸಾಲಿಗರು, ಕಟ್ಟಡ ಕಟ್ಟುವವರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಹಳ್ಳಿ ಹೋಗಿ ಪೇಟೆಯಾಗಿತ್ತು. ಸ್ಲಾವ್ ಭಾಷೆಯವರೂ ಅಲ್ಬೇನಿಯನ್ನರೂ ಬಂದು ತಮ್ಮ ತಮ್ಮ ಕೇರಿ ಕಟ್ಟಿಕೊಂಡರು.

ಆಗ ಈ ನೆಲವೆಲ್ಲ ಒಟ್ಟೋಮನ್ ಸುಲ್ತಾನರ ಆಳ್ವಿಕೆಯಲ್ಲಿತ್ತು. ಸುಲ್ತಾನರ ಆಡಳಿತ ಪ್ರಜೆಗಳನ್ನು ಲೆಕ್ಕ ಹಾಕುತ್ತಿದ್ದದ್ದು ಭಾಷೆಯಿಂದಲ್ಲ, ಧರ್ಮಪೀಠದಿಂದ. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್‌ಗೆ, ಅಂದರೆ ಅಲ್ಲಿನ ಮುಖ್ಯ ಧರ್ಮಗುರುವಿಗೆ, ಸೇರಿದ ಚರ್ಚಿಗೆ ಹೋಗುವವನು ಲೆಕ್ಕದಲ್ಲಿ ಗ್ರೀಕ್. ಬಲ್ಗೇರಿಯನ್ನರ ಮುಖ್ಯ ಧರ್ಮಗುರು ಎಕ್ಸಾರ್ಕ್‌ನ ಚರ್ಚಿಗೆ ಹೋಗುವವನು ಬಲ್ಗೇರಿಯನ್. ಹೀಗಾಗಿ ಮನೆಯಲ್ಲಿ ವ್ಲಾಹ್ ಭಾಷೆ ಆಡುವ ವರ್ತಕ ಕಡತದಲ್ಲಿ ಗ್ರೀಕನಾಗಿದ್ದ. ಒಂದೇ ಊರಿನಲ್ಲಿ ಗ್ರೀಕ್ ಶಾಲೆ, ಬಲ್ಗೇರಿಯನ್ ಶಾಲೆ, ರೊಮಾನಿಯನ್ ಶಾಲೆ ಮೂರೂ ಮಕ್ಕಳಿಗಾಗಿ ಪೈಪೋಟಿ ನಡೆಸುತ್ತಿದ್ದವು. ಒಂದು ಮಗು ಯಾವ ಶಾಲೆಯ ಮೆಟ್ಟಿಲು ಹತ್ತಿತು ಎಂಬುದೇ ಆ ಮನೆಯ ‘ರಾಷ್ಟ್ರೀಯತೆ’ಯನ್ನು ತೀರ್ಮಾನಿಸುತ್ತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಕ್ರೂಶೆವೊದ ಯಾವ ವಾದವೂ ಅರ್ಥವಾಗುವುದಿಲ್ಲ.

ಇನ್ನು ದಂಗೆಯ ವಿಷಯ. ಹಳೆಯ ಜೂಲಿಯನ್ ಪಂಚಾಂಗದ ಜುಲೈ 20, ಇಂದಿನ ಲೆಕ್ಕದ ಆಗಸ್ಟ್ 2, ಸಂತ ಎಲಿಜಾ ಹಬ್ಬ. ಜನರ ಬಾಯಲ್ಲಿ ಅದು ಇಲಿಂದೆನ್. 1903ರ ಆ ರಾತ್ರಿ ಮ್ಯಾಸಿಡೋನಿಯಾದ ಗುಪ್ತ ಕ್ರಾಂತಿಕಾರಿ ಸಂಘಟನೆಯ ಕೆಲವು ನೂರು ಬಂಡಾಯಗಾರರು ಕ್ರೂಶೆವೊಗೆ ನುಗ್ಗಿ ಸೇನಾ ಠಾಣೆ, ಸರ್ಕಾರಿ ಕಚೇರಿ, ಅಂಚೆ ಕಚೇರಿಗಳ ಮೇಲೆ ಬಿದ್ದರು. ಬೆಳಗಾಗುವಷ್ಟರಲ್ಲಿ ಊರು ಅವರ ಕೈಯಲ್ಲಿತ್ತು. ಮುಂದಾಳು ನಿಕೋಲಾ ಕಾರೆವ್, ಅದೇ ಊರಿನಲ್ಲಿ 1877ರಲ್ಲಿ ಹುಟ್ಟಿದ ಶಾಲಾ ಮೇಷ್ಟ್ರು, ಸಮಾಜವಾದಿ. ಆಗ ಅವರಿಗೆ ಇಪ್ಪತ್ತಾರು ತುಂಬಿರಲಿಲ್ಲ, ಅಥವಾ ಆಗಷ್ಟೇ ತುಂಬಿತ್ತು.

ಅವರು ಕಟ್ಟಿದ ಆಡಳಿತದ ಸ್ವರೂಪ ನನಗೆ ಈ ಕಥೆಯಲ್ಲೇ ಅತ್ಯಂತ ಮುಖ್ಯವೆನಿಸುತ್ತದೆ. ಅರವತ್ತು ಸದಸ್ಯರ ಮಂಡಳಿ. ವ್ಲಾಹ್, ಗ್ರೀಕ್ ಚರ್ಚಿನವರು, ಬಲ್ಗೇರಿಯನ್ ಚರ್ಚಿನವರು, ಮೂರೂ ಸಮುದಾಯಗಳಿಗೆ ಇಪ್ಪತ್ತಿಪ್ಪತ್ತು ಸ್ಥಾನ. ಅದರ ಮೇಲೆ ಆರು ಮಂದಿಯ ಕಾರ್ಯಕಾರಿ ಸಮಿತಿ. ನೆರೆಯ ಮುಸ್ಲಿಂ ಹಳ್ಳಿಗಳಿಗೆ ‘ನಮ್ಮ ಹೋರಾಟ ನಿಮ್ಮ ಮೇಲಲ್ಲ, ದಬ್ಬಾಳಿಕೆಯ ಮೇಲೆ’ ಎಂಬ ಅರ್ಥದ ಕರೆ ಹೋಯಿತೆಂದು ನೆನಪು ಹೇಳುತ್ತದೆ. ಆ ಪ್ರಣಾಳಿಕೆಯ ಮೂಲ ಪ್ರತಿ ಉಳಿದಿಲ್ಲ. ಈಗ ಎಲ್ಲರೂ ಉಲ್ಲೇಖಿಸುವ ಪಾಠ ಬಂದಿರುವುದು, ದಂಗೆಯಲ್ಲಿ ಪಾಲ್ಗೊಂಡಿದ್ದ ನಿಕೋಲಾ ಕಿರೊವ್ ಇಪ್ಪತ್ತು ವರ್ಷದ ನಂತರ, 1923ರಲ್ಲಿ ಪ್ರಕಟಿಸಿದ ನಾಟಕದಿಂದ. ಎಲ್ಲವೂ ಸಾಮರಸ್ಯದಲ್ಲೇ ನಡೆಯಿತು ಎನ್ನುವಂತೆಯೂ ಇಲ್ಲ. ಶ್ರೀಮಂತ ಮನೆಗಳಿಂದ ದಂಗೆಯ ಖರ್ಚಿಗೆ ಹಣ ಎತ್ತಲಾಯಿತು. ಗ್ರೀಕ್ ಪಕ್ಷದವರ ನೆನಪಿನಲ್ಲಿ ಆ ದಿನಗಳು ಕಹಿಯಾಗಿಯೇ ಉಳಿದವು.

ಬಂಡಾಯಗಾರರ ಬಳಿ ಫಿರಂಗಿ ಇರಲಿಲ್ಲ. ಚೆರ್‍ರಿ ಮರದ ದಿಮ್ಮಿ ಕಡಿದು, ಒಳಗೆ ಕೊರೆದು ಟೊಳ್ಳು ಮಾಡಿ, ಹೊರಗೆ ಕಬ್ಬಿಣದ ಪಟ್ಟಿ ಬಿಗಿದು ಫಿರಂಗಿ ಮಾಡಿಕೊಂಡರು. ಗಾಡಿಚಕ್ರಕ್ಕೆ ಹಳಿ ತೊಡಿಸುವ ಕಮ್ಮಾರಿಕೆಯಂಥದೇ ಕೆಲಸ ಅದು. ಸಿಡಿಮದ್ದಿನ ಬಿಸಿಗೆ ಮರ ಎಷ್ಟು ಹೊತ್ತು ತಡೆದೀತು? ಯುದ್ಧದಲ್ಲಿ ಅವುಗಳಿಂದ ಆದ ಉಪಯೋಗ ಅಲ್ಪ. ಆದರೆ ಆ ಮರದ ಕೊಳವೆ ಇಂದು ಆ ಊರಿನ ಗುರುತಾಗಿಬಿಟ್ಟಿದೆ.

ಆಗಸ್ಟ್ 12ರಂದು ಒಟ್ಟೋಮನ್ ಸೇನಾನಿ ಬಖ್ತಿಯಾರ್ ಪಾಶಾನ ಸೇನೆ ನಿಜವಾದ ಫಿರಂಗಿಗಳೊಂದಿಗೆ ಬೆಟ್ಟವನ್ನು ಸುತ್ತುವರಿಯಿತು. ಊರ ಹೊರಗಿನ ಮೆಚ್ಕಿನ್ ಕಾಮೆನ್, ಅಂದರೆ ಕರಡಿಬಂಡೆ ಎಂಬಲ್ಲಿ ಪಿತು ಗುಲಿಯ ತುಕಡಿ ಹಿಮ್ಮೆಟ್ಟದೆ ನಿಂತಿತು. ಪಿತು ಗುಲಿ ವ್ಲಾಹ್ ಸಮುದಾಯದವನು. ತನ್ನ ಜೊತೆಗಾರರಲ್ಲಿ ಬಹುಪಾಲು ಜನರೊಂದಿಗೆ ಅಲ್ಲೇ ಮಡಿದ. ಊರಿಗೆ ಬೆಂಕಿ ಬಿತ್ತು, ಲೂಟಿಯಾಯಿತು. ಹೆಚ್ಚು ಸುಟ್ಟದ್ದು ವ್ಲಾಹ್ ಜನರ ಮನೆಗಳು, ಅಂಗಡಿಗಳು. ಕಾರೆವ್ ತಪ್ಪಿಸಿಕೊಂಡರು, 1905ರ ಏಪ್ರಿಲ್‌ನಲ್ಲಿ ಒಟ್ಟೋಮನ್ ಪಡೆಯೊಂದಿಗಿನ ಕದನದಲ್ಲಿ ಕೊಲ್ಲಲ್ಪಟ್ಟರು.

ಅಲ್ಲಿಂದ ಮುಂದೆ ನೆನಪಿನ ಒಡೆತನದ ಪ್ರಶ್ನೆ. ಬಾಲ್ಕನ್ ಯುದ್ಧಗಳ ನಂತರ ಊರು ಸರ್ಬಿಯಾದ ಪಾಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಲ್ಗೇರಿಯಾ ಆಕ್ರಮಿಸಿತು. ಬಳಿಕ ಯುಗೊಸ್ಲಾವಿಯಾದ ಮ್ಯಾಸಿಡೋನಿಯಾ ಗಣರಾಜ್ಯಕ್ಕೆ ಸೇರಿತು. ಆ ಗಣರಾಜ್ಯವನ್ನು ಸ್ಥಾಪಿಸಿದ ಸಭೆ ಸೇರಿದ್ದೂ 1944ರ ಆಗಸ್ಟ್ 2ರಂದೇ. ಬೇಕೆಂದೇ ಆರಿಸಿದ ದಿನ ಅದು. ಹೊಸ ಸರ್ಕಾರ ಇಲಿಂದೆನ್ ಹೋರಾಟಗಾರರಿಗೆ ಪಿಂಚಣಿ ಕೊಟ್ಟಿತು. ಅರ್ಜಿ ಹಾಕುವವರು ತಮ್ಮ ಬದುಕಿನ ಕಥೆಯನ್ನೇ ಬರೆದು ಸಲ್ಲಿಸಬೇಕಿತ್ತು. ಐವತ್ತು ವರ್ಷದ ಹಿಂದಿನ ಒಂದು ಬೇಸಿಗೆಯನ್ನು ಮುದುಕರು, ಮುದುಕಿಯರು ಸರ್ಕಾರಿ ಕಾಗದದ ಮೇಲೆ ನೆನಪಿಸಿಕೊಂಡರು.

ಊರ ಮೇಲಿನ ಗುಮೆನ್ಯೆ ದಿಬ್ಬದಲ್ಲಿ ಇಂದು ಎದ್ದು ಕಾಣುವ ‘ಮಕೆಡೋನಿಯಮ್’ ಸ್ಮಾರಕ ಆ ಕಾಲದ ಕೊಡುಗೆ. ಯೋರ್ದಾನ್ ಮತ್ತು ಇಸ್ಕ್ರಾ ಗ್ರಾಬುಲೊವ್ಸ್ಕಿ ದಂಪತಿಯ ವಿನ್ಯಾಸ. 1974ರ ಆಗಸ್ಟ್ 2ರಂದು ಉದ್ಘಾಟನೆ. ಬಿಳಿಯ ಗುಂಡನೆಯ ಕಟ್ಟಡದ ಮೈಯಿಂದ ಸುತ್ತಲೂ ದುಂಡು ಕಿಟಕಿಗಳು ಹೊರಚಾಚಿವೆ. ದೂರದಿಂದ ಹಳೆಯ ಕಾಲದ ಮುಳ್ಳುಗದೆಯ ತಲೆಯಂತೆ ಕಾಣುತ್ತದೆ. ದಾರಿಯಲ್ಲಿ ಕಡಿದು ಬಿದ್ದ ಸರಪಳಿಗಳನ್ನು ನೆನಪಿಸುವ ಕಾಂಕ್ರೀಟ್ ಶಿಲ್ಪಗಳಿವೆ, ಒಳಗೆ ಬೊರ್ಕೊ ಲಾಜೆಸ್ಕಿಯವರ ಬಣ್ಣದ ಗಾಜು. 1990ರಲ್ಲಿ ಕಾರೆವ್ ಅವರ ಅಸ್ಥಿಯನ್ನು ತಂದು ಇಲ್ಲಿಟ್ಟರು.

1991ರಲ್ಲಿ ದೇಶ ಸ್ವತಂತ್ರವಾಯಿತು. ಹೆಸರಿನ ಬಗ್ಗೆ ಗ್ರೀಸ್ ತೆಗೆದ ತಕರಾರು 2018ರ ಪ್ರೆಸ್ಪಾ ಒಪ್ಪಂದದವರೆಗೆ ಎಳೆಯಿತು. ಬಲ್ಗೇರಿಯಾದ ತಕರಾರು ನೇರವಾಗಿ ಈ ಇತಿಹಾಸದ ಮೇಲೆಯೇ: ದಂಗೆಯ ನಾಯಕರು ತಮ್ಮನ್ನು ಬಲ್ಗೇರಿಯನ್ನರೆಂದೇ ಕರೆದುಕೊಂಡಿದ್ದರು, ಅವರನ್ನು ಮ್ಯಾಸಿಡೋನಿಯನ್ನರೆನ್ನುವುದು ಆಮೇಲಿನ ಸೇರ್ಪಡೆ ಎಂಬ ವಾದ. 2017ರ ಸ್ನೇಹ ಒಪ್ಪಂದದಂತೆ ಎರಡೂ ದೇಶಗಳ ಇತಿಹಾಸಕಾರರ ಜಂಟಿ ಆಯೋಗ ರಚನೆಯಾಯಿತು. 2020ರಲ್ಲಿ ಬಲ್ಗೇರಿಯಾ ಉತ್ತರ ಮ್ಯಾಸಿಡೋನಿಯಾದ ಯುರೋಪಿಯನ್ ಒಕ್ಕೂಟ ಸೇರ್ಪಡೆಯ ಮಾತುಕತೆಯನ್ನೇ ತಡೆಯಿತು. ಈ ವಾದದಲ್ಲಿ ಎರಡೂ ಕಡೆಯವರು ಮರೆಯುವುದು ವ್ಲಾಹ್ ಜನರನ್ನು. ಬೆಂಕಿಯ ಬೆಲೆ ಹೆಚ್ಚು ತೆತ್ತವರು ಅವರು. ಪಿತು ಗುಲಿಯ ಹೆಸರು ರಾಷ್ಟ್ರಗೀತೆಯಲ್ಲಿದೆ ನಿಜ. ಕ್ರೂಶೆವೊ ಪುರಸಭೆಯಲ್ಲಿ ಅರೊಮಾನಿಯನ್ ಅಧಿಕೃತ ಭಾಷೆಯೂ ಹೌದು. ಆದರೂ 1903ರಲ್ಲಿ ಇಪ್ಪತ್ತು ಸ್ಥಾನ ಪಡೆದ ಸಮುದಾಯವನ್ನು ‘ಯಾರ ದಂಗೆ’ ಎಂಬ ಪ್ರಶ್ನೆಯಿಂದ ಹೊರಗಿಡುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಊರಿನ ಇತರ ಗುರುತುಗಳನ್ನೂ ಹೇಳಬೇಕು. ಇಲ್ಲಿ ಹುಟ್ಟಿದ ಚಿತ್ರಕಾರ ನಿಕೋಲಾ ಮಾರ್ಟಿನೊಸ್ಕಿಯವರ ಗ್ಯಾಲರಿಯಿದೆ. ಇಲ್ಲೇ ಬೆಳೆದ ಗಾಯಕ ತೋಶೆ ಪ್ರೊಯೆಸ್ಕಿ 2007ರ ಅಕ್ಟೋಬರ್ 16ರಂದು ಕ್ರೊಯೇಷಿಯಾದ ಹೆದ್ದಾರಿಯಲ್ಲಿ ಅಪಘಾತಕ್ಕೆ ಬಲಿಯಾದಾಗ ಅವರಿಗೆ ಕೇವಲ 26 ವರ್ಷ. ಅವರ ಸ್ಮಾರಕ ಮಂದಿರಕ್ಕೆ ಅಕ್ಕಪಕ್ಕದ ದೇಶಗಳಿಂದಲೂ ಜನ ಬರುತ್ತಾರೆ. ಪ್ಯಾರಾಗ್ಲೈಡಿಂಗ್‌ಗೆ ಈ ಬೆಟ್ಟ ಹೆಸರುವಾಸಿ. ಪ್ರತಿ ವರ್ಷ ಇಲಿಂದೆನ್‌ಗೆ ಮುನ್ನ ರಾಜಧಾನಿ ಸ್ಕೋಪ್ಯೆಯಿಂದ ಕುದುರೆ ಸವಾರರು ಹೊರಟು, ದಿನಗಟ್ಟಲೆ ದಾರಿ ಸವೆಸಿ ಕರಡಿಬಂಡೆಗೆ ಬರುತ್ತಾರೆ.

ಬೆಂಕಿ ನುಂಗಿದ್ದರಲ್ಲಿ ಸಂತ ನಿಕೋಲನ ಚರ್ಚೂ ಒಂದು. ಅದರ ಗರ್ಭಗುಡಿಯ ಮುಂದಿನ ಮರದ ತೆರೆಯನ್ನು ಕೆತ್ತಿದವರು ಪೆತ್ರೆ ಫಿಲಿಪೊವ್ ಗಾರ್ಕಾ ಅವರ ಬಳಗದ ಬಡಗಿಗಳು. ಬಳ್ಳಿ, ಹಕ್ಕಿ, ಬೈಬಲ್ಲಿನ ಕಥೆಗಳನ್ನೆಲ್ಲ ಆರಪಾರ ಕಾಣುವಂತೆ ಮರದಲ್ಲಿ ಬಿಡಿಸುವ ಕಲೆ ಅವರದು. ಚರ್ಚನ್ನು ಮತ್ತೆ ಕಟ್ಟಿದರು. ಆ ತೆರೆ ಬೂದಿಯಾಯಿತು. ಅದು ಹೇಗಿತ್ತೆಂದು ಊಹಿಸಬೇಕಾದರೆ ಸ್ಕೋಪ್ಯೆಗೆ, ಮದರ್ ತೆರೇಸಾ ಹುಟ್ಟಿದ ಆ ನಗರಕ್ಕೆ, ಹೋಗಬೇಕು. ಅಲ್ಲಿನ ಸ್ವೇತಿ ಸ್ಪಾಸ್ ಚರ್ಚಿನಲ್ಲಿ ಅದೇ ಬಳಗ ಕೆತ್ತಿದ ತೆರೆ ಉಳಿದಿದೆ. ಅದರ ಒಂದು ಮೂಲೆಯಲ್ಲಿ ಬಡಗಿಗಳು ತಮ್ಮನ್ನೇ ಕೆತ್ತಿಕೊಂಡಿದ್ದಾರೆ, ಉಳಿ ಕೊಡತಿ ಹಿಡಿದು ಕೆಲಸಕ್ಕೆ ಕುಳಿತಂತೆ.