ನಾನು ಗಣಿತದ ಶಿಕ್ಷಕಿ, ವೃತ್ತಿ ಮಾರ್ಗದರ್ಶನ ಮಾಡುವುದು ಹೇಗೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ‘ಮುಂದೇನು ಓದಲಿ ಮಿಸ್?’ ಎಂದು ಹತ್ತನೇ ತರಗತಿಯ ಮಕ್ಕಳು ಕೇಳುತ್ತಾರೆ. ನನಗೆ ಗೊತ್ತಿರುವುದು ನಾನು ನಡೆದು ಬಂದ ಪಿಯುಸಿ, ಬಿಎಸ್‌ಸಿ, ಬಿಎಡ್ ದಾರಿಯೊಂದೇ. ಪಾಠ ಮುಗಿಸುವುದೇ ಕಷ್ಟವಾಗಿರುವಾಗ ಇದಕ್ಕೆಲ್ಲ ಸಮಯ ಎಲ್ಲಿಂದ ತರಲಿ?

ಉತ್ತರ: ಮಗು ಏನಾಗಬೇಕು ಎಂದು ತೀರ್ಮಾನಿಸುವ ಹೊರೆ ನಿಮ್ಮದಲ್ಲ. ಆ ಉತ್ಸಾಹ ಬಂದರೂ ತಡೆದುಕೊಳ್ಳಿ. ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು, ಗಣಿತದಲ್ಲಿ ತೊಂಬತ್ತು ದಾಟಿದವರಿಗೆಲ್ಲ ‘ಸೈನ್ಸ್ ತೆಗೆದುಕೊ’ ಎಂದುಬಿಡುತ್ತಿದ್ದೆ. ಹಾಗೆ ಹೋದವನೊಬ್ಬ ಎರಡು ವರ್ಷ ಒದ್ದಾಡಿ, ಕೊನೆಗೆ ಐಟಿಐ ಸೇರಿ ಫಿಟ್ಟರ್ ಆದ. ಕೆಲಸ ಅವನಿಗೆ ಒಗ್ಗಿತು. ಆದರೆ ಐಟಿಐ ಎಂಬ ಮಾತನ್ನು ನಾನು ತರಗತಿಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

ಸಮಯವನ್ನು ಹೊರಗಿನಿಂದ ತರಬೇಕಾಗಿಲ್ಲ, ಪಾಠದೊಳಗೇ ಇದೆ. ಶೇಕಡಾವಾರು ಲೆಕ್ಕ ಹೇಳಿಕೊಡುವ ದಿನ, ಮನೆಯಲ್ಲಿ ಹಸು ಇರುವ ಮಕ್ಕಳಿಗೆ ಹಾಲಿನ ಡೈರಿಯ ಚೀಟಿ ತರಲು ಹೇಳಿ. ಅದರಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಲೀಟರಿಗೆ ಎಷ್ಟು ಸಿಕ್ಕಿತು ಎಂದೆಲ್ಲ ಇರುತ್ತದೆ. ಲೆಕ್ಕ ಮುಗಿದ ಮೇಲೆ ಐದು ನಿಮಿಷ ಕೇಳಿ: ಫ್ಯಾಟ್ ಅಳೆಯುವ ಯಂತ್ರಕ್ಕೆ ಹಾಲು ಹಾಕಿ ನೋಡುವವರು ಯಾರು? ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ? ಹಾಸನದ ಹಾಲು ಒಕ್ಕೂಟದ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷೆ ಮಾಡುವವರು ಏನು ಓದಿರಬಹುದು? ಹಸುವಿಗೆ ಕೆಚ್ಚಲು ಬಾವು ಬಂದರೆ? ಒಂದು ತುಂಡು ಕಾಗದದಿಂದ ಹತ್ತನೇ ತರಗತಿ ಓದಿದವರ ಕೆಲಸ, ಐಟಿಐ ಮಾಡಿದವರ ಕೆಲಸ, ಡೈರಿ ತಂತ್ರಜ್ಞಾನದ ಪದವಿ, ಪಶುವೈದ್ಯಕೀಯ ಎಲ್ಲವೂ ಹೊರಬರುತ್ತವೆ. ಉತ್ತರ ನಿಮಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಮಕ್ಕಳೇ ಸಂಜೆ ಡೈರಿಯಲ್ಲಿ ವಿಚಾರಿಸಿಕೊಂಡು ಬರಲಿ.

ಇಂಗ್ಲೆಂಡಿನ ಶಾಲೆಗಳಿಗಾಗಿ 2014ರಲ್ಲಿ ರೂಪಿಸಿದ ವೃತ್ತಿ ಮಾರ್ಗದರ್ಶನದ ಎಂಟು ಮಾನದಂಡಗಳಲ್ಲೂ, ಪಾಠವನ್ನು ಹೀಗೆ ವೃತ್ತಿಯೊಂದಿಗೆ ಬೆಸೆಯುವುದೇ ಒಂದು. ಹಾಸನ ಜಿಲ್ಲೆಯ ಮೇಷ್ಟರಿಗೆ ಇದಕ್ಕೆ ಸಾಮಗ್ರಿಯ ಕೊರತೆಯಂತೂ ಇಲ್ಲ. ಗುರುತ್ವದ ಪಾಠಕ್ಕೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಮ್ಮ ಹಾಸನದಿಂದಲೇ ನೋಡಿಕೊಳ್ಳುತ್ತಾರೆ. ಇಸ್ರೋ ಎಂದ ಕೂಡಲೇ ಮಕ್ಕಳ ಕಣ್ಣಿಗೆ ಬರುವುದು ವಿಜ್ಞಾನಿ ಮಾತ್ರ. ಅದೇ ಸಂಸ್ಥೆ ಎಸ್‌ಎಸ್‌ಎಲ್‌ಸಿಯ ಜೊತೆ ಐಟಿಐ ಮಾಡಿದವರನ್ನು ತಂತ್ರಜ್ಞರಾಗಿ ನೇಮಿಸಿಕೊಳ್ಳುತ್ತದೆ ಎಂಬುದನ್ನೂ ಹೇಳಿ. ಆಲೂಗಡ್ಡೆಯ ಅಂಗಮಾರಿ ರೋಗ ಜೀವಶಾಸ್ತ್ರಕ್ಕೆ ಆಯಿತು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡು ಸಮಾಜ ವಿಜ್ಞಾನದವರ ಪಾಲಿಗಿರಲಿ.

ಬ್ಯಾನರ್ ಕಟ್ಟಿ, ಮೈಕ್ ಹಿಡಿದು ಮಾಡುವ ಒಂದು ದಿನದ ಭಾಷಣದಲ್ಲಿ ನನಗೆ ನಂಬಿಕೆ ಕಡಿಮೆ. ಅದರ ಬದಲು ತಿಂಗಳಿಗೊಬ್ಬರನ್ನು ಕರೆಯಿರಿ: ತೋಟದ ರೈಟರ್, ಆರೋಗ್ಯ ಕೇಂದ್ರದ ನರ್ಸ್, ಲೈನ್‌ಮನ್ (ವಿದ್ಯುತ್ ಕಂಪನಿ ಸೆಸ್ಕ್ ಬಂದು ಎಷ್ಟೋ ಕಾಲವಾದರೂ ಊರಿನವರ ಬಾಯಲ್ಲಿ ಇನ್ನೂ ಕೆಇಬಿಯವರೇ). ಸಾಧನೆ ಬೇಡ, ದಿನಚರಿ ಹೇಳಲಿ. ಎಷ್ಟು ಹೊತ್ತಿಗೆ ಏಳುತ್ತಾರೆ, ಏನು ಓದಿದರು, ಎಲ್ಲಿ ಫೇಲಾದರು ಎಂಬುದನ್ನು ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ.

ಇನ್ನು, ಯಾವ ಬಾಗಿಲು ಎಲ್ಲಿ ಮುಚ್ಚುತ್ತದೆ, ಎಲ್ಲಿ ಮತ್ತೆ ತೆರೆಯುತ್ತದೆ ಎಂಬುದು ನಿಮಗೆ ತಿಳಿದಿರಲಿ. ಪಿಯುಸಿಯಲ್ಲಿ ಗಣಿತ ಬಿಟ್ಟವರು ಎಂಜಿನಿಯರಿಂಗ್ ಆಸೆಯನ್ನೂ ಬಿಟ್ಟಂತೆ. ಆದರೆ ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಕಲಾ ವಿಭಾಗದವರಿಗೆ ಐದು ವರ್ಷದ ಕಾನೂನು ಪದವಿ ಇದೆ.

ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳು ಮುಗ್ಗರಿಸುವುದು ಕಾಗದಪತ್ರಗಳಲ್ಲಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಮೇಲುಸಹಿಯೂ ಬೇಕು. ಪಿಯುಸಿ ಮುಗಿದ ಮೇಲೆ, ಓದಿದ ನಾಲ್ಕು ಶಾಲೆಗಳಿಗೆ ಅಲೆಯುವ ಮಕ್ಕಳನ್ನು ನೋಡಿದ್ದೇನೆ. ಹತ್ತನೇ ತರಗತಿಯಲ್ಲೇ ಒಂದು ಪೀರಿಯಡ್ ಇದಕ್ಕೆ ಕೊಡಿ: ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರಿನ ಅಕ್ಷರಗಳು ಒಂದೇ ಆಗಿವೆಯೇ, ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇದೆಯೇ ನೋಡಿ. ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ನೆನಪು ಮಾಡಿ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ತೋಟದ ಕೂಲಿಕಾರರ ಲೈನ್‌ಮನೆಯ ಮಗುವಿಗೆ ಅದು ಸಣ್ಣ ಮೊತ್ತವಲ್ಲ.

ಪೋಷಕರ ಸಭೆಗೂ ಸ್ವಲ್ಪ ಸಿದ್ಧತೆ ಬೇಕು, ಹೆಣ್ಣುಮಕ್ಕಳ ವಿಷಯದಲ್ಲಂತೂ ಖಂಡಿತ. ‘ಹಾಸನಕ್ಕೆ ಕಳಿಸುವುದಿಲ್ಲ’ ಎನ್ನುವ ಅಪ್ಪನಿಗೆ ಶಿಕ್ಷಣದ ಮಹತ್ವ ಬೋಧಿಸಿ ಪ್ರಯೋಜನವಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಟಿಕೆಟ್ಟಿನ ಚಿಂತೆಯೂ ಇಲ್ಲ. ಅವರು ಕೇಳುವುದು, ಸಂಜೆ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು. ಆ ಸಮಯವನ್ನೂ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ ಅರ್ಜಿಯ ಕೊನೆಯ ದಿನಾಂಕವನ್ನೂ ಚೀಟಿಯಲ್ಲಿ ಬರೆದುಕೊಂಡೇ ಸಭೆಗೆ ಹೋಗಿ.